ಹಿಟ್ಟಿನ ಕೋಳಿ ಮತ್ತು ಬೆಳ್ಳಿತೆರೆಯ ಮಚ್ಚು

ನೀರನ್ನು ಸೋಸಿ ಕುಡಿಯುವ, ಇರುವೆಗೆ ನೋವಾಗದಂತೆ ನೆಲ ಗುಡಿಸುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಪದ್ಧತಿ ಅನೇಕ ಶ್ರಾವಕರ ಮನೆಗಳಲ್ಲಿ ಇನ್ನೂ ಉಳಿದಿದೆ. ಅದೇ ಮನೆಯ ಪಡಸಾಲೆಯಲ್ಲಿ ಊಟವಾದ ಬಳಿಕ ದೂರದರ್ಶನದ ಪರದೆಯ ಮೇಲೆ ನಾಯಕನೊಬ್ಬ ಇಪ್ಪತ್ತು ಜನರನ್ನು ಮಚ್ಚಿನಿಂದ ಕೊಚ್ಚುತ್ತಾನೆ. ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ರೆಪ್ಪೆ ಮಿಟುಕಿಸದೆ ನೋಡುತ್ತಾರೆ. ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಅದು ಬರೀ ಸಿನಿಮಾ, ಅಲ್ಲಿ ಹರಿಯುವುದು ಬಣ್ಣದ ನೀರು.

ಈ ಉತ್ತರವನ್ನು ಕನ್ನಡದ ಜೈನ ಕವಿಯೊಬ್ಬ ಎಂಟು ಶತಮಾನಗಳ ಹಿಂದೆಯೇ ಒರೆಗೆ ಹಚ್ಚಿದ್ದಾನೆ. 1209ರಲ್ಲಿ ಜನ್ನನು ರಚಿಸಿದ 'ಯಶೋಧರ ಚರಿತೆ'ಯಲ್ಲಿ ದೊರೆ ಯಶೋಧರನು ಜೀವಬಲಿಗೆ ಒಪ್ಪುವುದಿಲ್ಲ. ತಾಯಿ ಚಂದ್ರಮತಿಯು ಹಟ ಬಿಡುವುದಿಲ್ಲ. ಕಡೆಗೆ ತಾಯಿ ಮಕ್ಕಳ ನಡುವೆ ಒಂದು ರಾಜಿಯಾಗುತ್ತದೆ. ಜೀವವಿರುವ ಕೋಳಿ ಬೇಡ, ಹಿಟ್ಟಿನ ಕೋಳಿಯನ್ನು ಕಡಿದರಾಯಿತು. ಆ ಕೋಳಿ ಮೊಟ್ಟೆಯೊಡೆದು ಬಂದದ್ದಲ್ಲ, ಮನುಷ್ಯನ ಕೈಯಿಂದಾದ ಬೊಂಬೆ. ಆದರೂ ಕಡಿಯಬೇಕೆಂಬ ಸಂಕಲ್ಪ ಮಾತ್ರ ಹಿಟ್ಟಿನದಾಗಿರಲಿಲ್ಲ. ಆ ಸಂಕಲ್ಪದ ಫಲವಾಗಿ ತಾಯಿಯೂ ಮಗನೂ ನಾಯಿ, ನವಿಲು ಮೊದಲಾದ ತಿರ್ಯಂಚ ಜನ್ಮಗಳಲ್ಲಿ ತೊಳಲಬೇಕಾಯಿತು. ಬಣ್ಣದ ನೀರಿನ ನೆಪ ಹೇಳುವವರು ಹಿಟ್ಟಿನ ಕೋಳಿಯ ಕಥೆಯನ್ನು ಮರೆತಿದ್ದಾರೆ.

ಇದಕ್ಕೂ ಒಂದು ಆಕ್ಷೇಪ ಬರಬಹುದು. ಯಶೋಧರನು ತನ್ನ ಕೈಯಿಂದಲೇ ಕಡಿದನು. ಪ್ರೇಕ್ಷಕನು ಕತ್ತಿ ಹಿಡಿದವನೂ ಅಲ್ಲ, ಹಿಡಿಸಿದವನೂ ಅಲ್ಲ, ದುಡ್ಡು ಕೊಟ್ಟು ಕುರ್ಚಿಯಲ್ಲಿ ಕುಳಿತವನು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಇದಕ್ಕೆ ಲೆಕ್ಕದ ರೂಪದಲ್ಲೇ ಉತ್ತರ ಕೊಡುತ್ತದೆ. ಸಂರಂಭ, ಸಮಾರಂಭ, ಆರಂಭ ಎಂಬ 3. ಮನ, ವಚನ, ಕಾಯ ಎಂಬ 3. ಕೃತ, ಕಾರಿತ, ಅನುಮತ ಎಂಬ 3. ಕ್ರೋಧ, ಮಾನ, ಮಾಯಾ, ಲೋಭ ಎಂಬ 4. ಇವುಗಳನ್ನು ಗುಣಿಸಿದರೆ ಆಸ್ರವದ ಜೀವಾಧಿಕರಣಗಳು 108 ಆಗುತ್ತವೆ. ಜಪಮಾಲೆಯ 108 ಮಣಿಗಳಿಗೆ ಹಿರಿಯರು ಹೇಳುವ ಅರ್ಥವೂ ಇದೇ. ಇವುಗಳಲ್ಲಿ 36 ಭೇದಗಳು ಅನುಮತಕ್ಕೆ ಸೇರಿದವು; ಎಂದರೆ ಮತ್ತೊಬ್ಬರು ಮಾಡಿದ್ದನ್ನು ಮೆಚ್ಚಿ ಒಪ್ಪಿಕೊಳ್ಳುವುದಕ್ಕೆ. ಬಾಕಿಯ ಮೂರನೆಯ ಒಂದು ಭಾಗವನ್ನು ಖಾತೆಯಲ್ಲಿ ಬರೆಯದೆ ಬಿಡುವ ಗುಮಾಸ್ತನನ್ನು ಯಾವ ವ್ಯಾಪಾರಿಯೂ ಅಂಗಡಿಯಲ್ಲಿ ಇಟ್ಟುಕೊಳ್ಳಲಾರ. ಚಿತ್ರಮಂದಿರದ ಸಿಳ್ಳೆ ಈ 36ರ ಖಾತೆಗೆ ಜಮೆಯಾಗುತ್ತದೆ. ಸಿಳ್ಳೆ ಹೊಡೆಯದೆ ಮನಸ್ಸಿನಲ್ಲೇ ಹಿಗ್ಗಿದವನ ಹಿಗ್ಗೂ ಅಲ್ಲಿಗೇ ಸೇರುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಐದೆಂದು ಎಣಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ರಾಗ, ದ್ವೇಷ, ಮದ, ಸಾಹಸ ಮೊದಲಾದವುಗಳಿಂದ ಚಿತ್ತವನ್ನು ಕಲಕುವ ಕಥೆಗಳನ್ನು ಕೇಳುವುದೇ ದುಃಶ್ರುತಿ. ಆ ಪಟ್ಟಿಯಲ್ಲಿ 'ಸಾಹಸ' ಇರುವುದನ್ನು ಗಮನಿಸಬೇಕು. ಇಂದಿನ ಚಿತ್ರಗಳ ಜಾಹೀರಾತಿನಲ್ಲಿ ಅತಿ ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ಶಬ್ದವೂ ಅದೇ.

ಹಾಗೆಂದು ಹಿಂಸೆಯನ್ನು ತೋರಿಸುವುದೇ ಪಾಪವೆಂದು ಹೇಳಲು ಬರುವುದಿಲ್ಲ. ಹಾಗೆ ಹೇಳಿದರೆ ಪಂಪನ 'ವಿಕ್ರಮಾರ್ಜುನ ವಿಜಯ'ವನ್ನೂ ರನ್ನನ 'ಗದಾಯುದ್ಧ'ವನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಬೇಕಾದೀತು. ಇಬ್ಬರೂ ಜೈನ ಕವಿಗಳೇ, ಇಬ್ಬರೂ ಯುದ್ಧವನ್ನು ವರ್ಣಿಸಿದವರೇ. ಆದರೆ ರನ್ನನ ಕಾವ್ಯವನ್ನು ಓದಿ ಮುಗಿಸಿದವನ ಮನಸ್ಸಿನಲ್ಲಿ ಮುರಿದ ತೊಡೆಯ ದುರ್ಯೋಧನನ ಬಗೆಗೆ ಮರುಕ ಉಳಿಯುತ್ತದೆ. ಇಂದಿನ ರೌಡಿ ಚಿತ್ರವನ್ನು ನೋಡಿ ಹೊರಬಂದ ಹುಡುಗನಲ್ಲಿ ಸತ್ತವರ ಬಗೆಗೆ ಏನೂ ಉಳಿಯುವುದಿಲ್ಲ; ಎಷ್ಟು ಜನ ಬಿದ್ದರೆಂಬ ಎಣಿಕೆ ಮಾತ್ರ ಉಳಿಯುತ್ತದೆ. ಹಿಂಸೆಯಲ್ಲಿ ಆನಂದ ಪಡುವುದನ್ನು ಶಾಸ್ತ್ರವು ರೌದ್ರಧ್ಯಾನದ ಮೊದಲ ಭೇದವೆಂದು ಕರೆದಿದೆ.

ಕನ್ನಡದಲ್ಲಿ ಈ ಬಗೆಯ ಚಿತ್ರಗಳಿಗೆ ದಾರಿ ಮಾಡಿದ್ದು 1995ರ 'ಓಂ'. ಉಪೇಂದ್ರ ನಿರ್ದೇಶಿಸಿ ಶಿವರಾಜಕುಮಾರ್ ನಟಿಸಿದ ಆ ಚಿತ್ರದಲ್ಲಿ ಬೆಂಗಳೂರಿನ ಭೂಗತ ಲೋಕದ ಕೆಲವು ನಿಜವಾದ ವ್ಯಕ್ತಿಗಳೂ ಕಾಣಿಸಿಕೊಂಡಿದ್ದರು. ಕಥೆಯಲ್ಲಿ ಅರ್ಚಕನ ಮಗನು ರೌಡಿಯಾಗಿ, ಕಡೆಗೆ ಆ ದಾರಿಯನ್ನು ತೊರೆಯುತ್ತಾನೆ. ನಿರ್ದೇಶಕರು ತೊರೆಯುವುದನ್ನೂ ತೋರಿಸಿದರು. ಪ್ರೇಕ್ಷಕರು ಮಚ್ಚನ್ನಷ್ಟೇ ಮನೆಗೆ ಒಯ್ದರು. ಮುಂದೆ ಬಂದ ಹತ್ತಾರು ಚಿತ್ರಗಳಲ್ಲಿ ಮಚ್ಚು ಉಳಿಯಿತು, ತ್ಯಾಗ ಬಿಟ್ಟುಹೋಯಿತು. 2018ರಲ್ಲಿ 'ಕೆಜಿಎಫ್' ಬಂದಿತು. 2022ರ ಏಪ್ರಿಲ್ 14ರಂದು ತೆರೆಕಂಡ ಅದರ ಎರಡನೆಯ ಭಾಗದ ಗಳಿಕೆ ಸಾವಿರ ಕೋಟಿ ರೂಪಾಯಿಗಳನ್ನು ದಾಟಿತು. ಗಿರಾಕಿಯಿಲ್ಲದ ಸರಕನ್ನು ಯಾರೂ ಅಂಗಡಿಯಲ್ಲಿ ತುಂಬುವುದಿಲ್ಲ. ಸಾವಿರ ಕೋಟಿ ಎಂದರೆ ಕೋಟಿಗಟ್ಟಲೆ ಅನುಮೋದನೆಗಳು ರಸೀದಿಸಹಿತ ಜಮೆಯಾದಂತೆ.

ಅದೇ ಏಪ್ರಿಲ್‌ನಲ್ಲಿ ನೆರೆಯ ಹಾವೇರಿ ಜಿಲ್ಲೆಯ ಶಿಗ್ಗಾವಿಯ ಚಿತ್ರಮಂದಿರದಲ್ಲಿ ಈ ಚಿತ್ರ ನಡೆಯುತ್ತಿದ್ದಾಗಲೇ, ಮುಂದಿನ ಕುರ್ಚಿಯ ಮೇಲೆ ಕಾಲಿಟ್ಟನೆಂಬ ಸಣ್ಣ ಜಗಳದಲ್ಲಿ ಒಬ್ಬನು ಪಿಸ್ತೂಲು ತಂದು ಗುಂಡು ಹಾರಿಸಿ ಯುವಕನೊಬ್ಬನನ್ನು ಗಾಯಗೊಳಿಸಿದನು. ಚಿತ್ರವೇ ಆ ಗುಂಡನ್ನು ಹಾರಿಸಿತೆಂದು ಹೇಳುವುದು ನ್ಯಾಯವಲ್ಲ. ಆದರೆ ಮಾನಕಷಾಯವನ್ನೇ ಮೂರು ತಾಸು ಮೆರೆಸಿದ ಕತ್ತಲೆಯ ಕೋಣೆಯಲ್ಲಿ, ಕಾಲು ತಾಗಿದ್ದು ಪ್ರಾಣಕ್ಕೆ ಬರುವಷ್ಟು ದೊಡ್ಡ ಅಪಮಾನವಾಗಿ ಕಂಡಿತೆಂಬುದು ಯೋಚಿಸಬೇಕಾದ ವಿಷಯ.

ಗದಗ ಜಿಲ್ಲೆಯ ದುಃಖವು ಬೇರೆ ಬಗೆಯದು. 2024ರ ಜನವರಿ 8, ನಟ ಯಶ್ ಅವರ ಜನ್ಮದಿನ. ಅದರ ಹಿಂದಿನ ರಾತ್ರಿ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿಯಲ್ಲಿ ಅವರ ದೊಡ್ಡ ಫ್ಲೆಕ್ಸ್ ನಿಲ್ಲಿಸುತ್ತಿದ್ದಾಗ ವಿದ್ಯುತ್ ತಂತಿ ತಗುಲಿ ಮೂವರು ಯುವಕರು ಅಸುನೀಗಿದರು, ಜೊತೆಗಿದ್ದವರು ಗಾಯಗೊಂಡರು. ತೀರಿಕೊಂಡವರ ವಯಸ್ಸು ಇಪ್ಪತ್ತರ ಆಸುಪಾಸು. ಸುದ್ದಿ ತಿಳಿದ ನಟರು ಅಂದೇ ಆ ಊರಿಗೆ ಬಂದು ಮನೆಯವರನ್ನು ಕಂಡರು. ಆ ಹುಡುಗರು ಯಾರನ್ನೂ ಹಿಂಸಿಸಿದವರಲ್ಲ, ಪ್ರೀತಿಯಿಂದ ರಾತ್ರಿಯೆಲ್ಲ ದುಡಿದವರು. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಕೇಳಬೇಕಾದ ಪ್ರಶ್ನೆ ಇಷ್ಟೇ: ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿಗಳ ವೃತ್ತಗಳಲ್ಲಿ ಏಳುವ ಇಂಥ ಫ್ಲೆಕ್ಸುಗಳಿಗೆ ಚಂದಾ ಬರೆಸುವವರು ಯಾರು? ಕೆಳತುದಿಯಲ್ಲಿ ಶುಭ ಕೋರುವವರೆಂದು ಹೆಸರು ಹಾಕಿಸಿಕೊಳ್ಳುವ ಅಂಗಡಿಕಾರರಲ್ಲಿ ಮನೆಯಲ್ಲಿ ನೀರು ಸೋಸಿ ಕುಡಿಯುವವರು ಇಲ್ಲವೆ?

ಅಭಿಮಾನವು ವಿವೇಕದ ಗಡಿ ದಾಟಿದರೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಅದೇ ವರ್ಷದ ಜೂನ್ ತಿಂಗಳು ತೋರಿಸಿತು. ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ಹೆಸರಾಂತ ನಟರೊಬ್ಬರು ಬಂಧಿತರಾದರು. ಅಪರಾಧ ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಅಭಿಮಾನಿಗಳು ತೀರ್ಪಿಗೆ ಕಾಯಲಿಲ್ಲ. ಆ ನಟರಿಗೆ ಸೆರೆಮನೆಯಲ್ಲಿ ಕೊಟ್ಟ ಸಂಖ್ಯೆಯನ್ನು ತಮ್ಮ ವಾಹನಗಳ ಮೇಲೆ ಬರೆಸಿಕೊಂಡರು. ಹಸುಗೂಸಿಗೆ ಕೈದಿಯ ಉಡುಪು ತೊಡಿಸಿ ಚಿತ್ರ ತೆಗೆದವರೂ ಇದ್ದರು. ಸತ್ತವನ ಮನೆಯಲ್ಲಿ ಅತ್ತವರ ನೆನಪು ಆ ಸಂಭ್ರಮದಲ್ಲಿ ಯಾರಿಗೂ ಬಂದಂತೆ ಕಾಣಲಿಲ್ಲ.

ಇದು ಕನ್ನಡಿಗರಿಗೆ ಮಾತ್ರ ಅಂಟಿದ ರೋಗವೂ ಅಲ್ಲ. ಕ್ರಿಕೆಟ್ ಪ್ರಿಯರಿಗೆ ಮೈಕೆಲ್ ಹೋಲ್ಡಿಂಗ್, ಕೋರ್ಟ್ನಿ ವಾಲ್ಶ್ ಅವರ ನಾಡೆಂದು ಪರಿಚಿತವಾದ ಜಮೈಕಾ ದ್ವೀಪದಲ್ಲಿ 1972ರಲ್ಲಿ ಪೆರಿ ಹೆನ್ಜೆಲ್ ಅವರು 'ದಿ ಹಾರ್ಡರ್ ದೇ ಕಮ್' ಎಂಬ ಚಿತ್ರವನ್ನು ತಯಾರಿಸಿದರು. ಗಾಯಕನಾಗಲು ಹಳ್ಳಿಯಿಂದ ಕಿಂಗ್‌ಸ್ಟನ್ ನಗರಕ್ಕೆ ಬಂದ ಹುಡುಗನೊಬ್ಬ ಮೋಸಹೋಗಿ, ಗಾಂಜಾ ವ್ಯಾಪಾರಕ್ಕಿಳಿದು, ಪೊಲೀಸರನ್ನು ಕೊಂದು ಜನರ ಬಾಯಲ್ಲಿ ವೀರನಾಗುವ ಕಥೆಯದು. 1948ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ರೈಗಿಂಗ್ ಎಂಬ ನಿಜವಾದ ಅಪರಾಧಿಯೇ ಅದಕ್ಕೆ ಮೂಲ. ನಗರಕ್ಕೆ ಬಂದ ಹೊಸತರಲ್ಲಿ ಆ ಹುಡುಗ ಇಟಲಿಯ 'ಜಾಂಗೋ' ಚಿತ್ರವನ್ನು ನೋಡುತ್ತಾನೆ. ಗುಂಡೇಟಿಗೆ ಜನ ಉರುಳಿದಂತೆ ಸುತ್ತಲಿನವರು ಕೇಕೆ ಹಾಕುತ್ತಾರೆ. ಕಟ್ಟಕಡೆಗೆ ಸಮುದ್ರತೀರದಲ್ಲಿ ಪೊಲೀಸರು ಅವನನ್ನೇ ಸುತ್ತುವರಿದು ಹೊಡೆದುರುಳಿಸುವಾಗ, ನಡುನಡುವೆ ಆ ಪ್ರೇಕ್ಷಕರ ನಗುಮುಖಗಳು ಮತ್ತೆ ತೆರೆಯ ಮೇಲೆ ಬರುತ್ತವೆ. ಕೇಕೆ ಹಾಕಿದವರ ಪಾಲು ಎಷ್ಟೆಂಬುದನ್ನು ನಿರ್ದೇಶಕರು ಮಾತಿಲ್ಲದೆ ಹೇಳಿದ್ದಾರೆ.

ಜಮೈಕಾದ ಜನ ಆ ಚಿತ್ರಕ್ಕೆ ಮುಗಿಬಿದ್ದದ್ದು ರಕ್ತದ ಆಸೆಯಿಂದಲ್ಲ; ತಮ್ಮ ಬಡತನ, ತಮ್ಮ ಬೀದಿ, ತಮ್ಮ ಆಡುಮಾತು ಮೊದಲ ಬಾರಿಗೆ ತೆರೆಯ ಮೇಲೆ ಕಂಡದ್ದರಿಂದ. ಇಲ್ಲಿಯ ಹುಡುಗನೂ ಅಷ್ಟೇ. ದಿನವಿಡೀ ಯಾರದೋ ಬೈಗುಳ ನುಂಗಿದವನು ತೆರೆಯ ನಾಯಕನಲ್ಲಿ ತನ್ನ ಮರ್ಯಾದೆಯನ್ನು ಕಾಣುತ್ತಾನೆ. ಆದುದರಿಂದ ಬಡ ಪ್ರೇಕ್ಷಕನ ಸಿಳ್ಳೆಯನ್ನು ಮಾತ್ರ ಹಳಿಯುವುದು ಸುಲಭದ ಕಪಟ. ಹುಡುಗನ ಸಂಬಳದಲ್ಲಿ ಹಿಡಿದುಕೊಂಡು, ಗಿರಾಕಿಗಳ ಎದುರು ಅವನನ್ನು ಏಕವಚನದಲ್ಲಿ ಜರೆಯುವ ಮಾಲೀಕನು ಆ ಸಿಳ್ಳೆಗೆ ಕಾರಣಕರ್ತನು. ಅವನ ಖಾತೆ ಅನುಮತದ್ದಲ್ಲ, ಕಾರಿತದ್ದು.

ಸರಕಾರವೇ ಇಂಥ ಚಿತ್ರಗಳನ್ನು ನಿಷೇಧಿಸಲೆಂಬ ಕೂಗೂ ಸಮಾಜದಲ್ಲಿದೆ. 2022ರ ಅಕ್ಟೋಬರ್‌ನಲ್ಲಿ ಜಮೈಕಾದ ಪ್ರಸಾರ ಆಯೋಗವು ಅಪರಾಧವನ್ನು ವೈಭವೀಕರಿಸುವ ಹಾಡುಗಳನ್ನು ರೇಡಿಯೋ, ಟೆಲಿವಿಷನ್‌ಗಳಲ್ಲಿ ಬಿತ್ತರಿಸಬಾರದೆಂದು ಆಜ್ಞೆ ಮಾಡಿತು. ಕಿಸೆಯಲ್ಲಿರುವ ಮೊಬೈಲಿಗೆ ಆ ಆಜ್ಞೆ ಮುಟ್ಟದು. ವ್ರತವೆಂಬುದು ತಾನಾಗಿ ಹಿಡಿಯಬೇಕಾದದ್ದು. ಅಧಿಕಾರಿಯ ಮೊಹರಿನಿಂದ ಅದು ಬರುವುದಿಲ್ಲ.

ಪ್ರೇಕ್ಷಕನು ಹೇಗಿರಬೇಕೆಂಬುದಕ್ಕೆ ಆದರ್ಶವು ದೂರದಲ್ಲಿಲ್ಲ. ಪುಲಿಗೆರೆ, ಎಂದರೆ ಇಂದಿನ ಲಕ್ಷ್ಮೇಶ್ವರದ ಕನ್ನಡವನ್ನು ತನ್ನ ಕಾವ್ಯಭಾಷೆಯಾಗಿಸಿಕೊಂಡ ಪಂಪನು ಆದಿಪುರಾಣದಲ್ಲಿ ನೀಲಾಂಜನೆಯ ನೃತ್ಯವನ್ನು ಚಿತ್ರಿಸಿದ್ದಾನೆ. ನರ್ತಿಸುತ್ತಿದ್ದಂತೆಯೇ ಅವಳ ಆಯುಷ್ಯ ಮುಗಿಯುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಅಂಥದೇ ಮತ್ತೊಂದು ರೂಪವನ್ನು ಕ್ಷಣದಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಸಭೆಯೇ ಆಟದಲ್ಲಿ ಮೈಮರೆತಿದ್ದರೆ, ಒಂದು ಜೀವ ಅಳಿದುದನ್ನು ಕಂಡವನು ಆದಿದೇವನೊಬ್ಬನೇ. ಆ ನೋಟವೇ ಅವನ ವೈರಾಗ್ಯಕ್ಕೆ ಕಾರಣವಾಯಿತು.

ಬಸದಿಗಳ ವಿಶ್ವಸ್ತ ಮಂಡಳಿಗಳು ಮಾಡಬಹುದಾದ ಕೆಲಸಗಳಿವೆ. ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚಿನ ಕೆಲಸಕ್ಕೆ ಹೆಸರಾದ ಗದಗಿನಲ್ಲಿ ಯಶೋಧರ ಚರಿತೆಯ ಸರಳ ಗದ್ಯವನ್ನು ಸಾವಿರ ಪ್ರತಿ ಮುದ್ರಿಸಿ ಹಂಚುವುದು ಯಾವ ಮಂಡಳಿಗೂ ಭಾರವಾಗದು. ದಶಲಕ್ಷಣ ಪರ್ವದ ಒಂದು ಸಂಜೆ ಯುವಕರನ್ನು ಕೂಡಿಸಿ, ಉಪದೇಶ ಮಾಡದೆ, ಅವರು ನೋಡುವ ಚಿತ್ರಗಳ ಬಗೆಗೆ ಅವರ ಮಾತನ್ನೇ ಮೊದಲು ಕೇಳಬೇಕು. ಫ್ಲೆಕ್ಸ್ ಚಂದಾಕ್ಕೆ ಬಂದವರನ್ನು ವ್ಯಾಪಾರಿಗಳು ಬೈದು ಅಟ್ಟದೆ, ಆ ಹಣವನ್ನು ಅದೇ ಹುಡುಗರ ಓದಿಗೋ ಕಸುಬಿನ ಕಲಿಕೆಗೋ ಕೊಡಬೇಕು. ಪ್ರತಿಕ್ರಮಣಕ್ಕೆ ಕುಳಿತವರು ಕೈಯಿಂದಾದ, ಮಾತಿನಿಂದಾದ ದೋಷಗಳೊಡನೆ ಕಣ್ಣಿನಿಂದ ಮೆಚ್ಚಿದ ಹಿಂಸೆಯನ್ನೂ ನೆನೆಯಬೇಕು. ಅಷ್ಟಾದರೆ ಸೂರಣಗಿಯ ಮೂರು ಮನೆಗಳ ದುಃಖದಿಂದ ಸಮಾಜವು ಏನನ್ನೋ ಕಲಿತಂತಾದೀತು.