ಸೀಸೆಯ ದ್ರವವೋ, ನಲ್ಲಿಯ ನೀರೋ?

ಕೊರೋನಾ ಪಿಡುಗು ನಮ್ಮ ಮನೆಗಳಲ್ಲಿ ಬಿಟ್ಟುಹೋದ ಅಭ್ಯಾಸಗಳಲ್ಲಿ ಹೆಚ್ಚು ಕಾಲ ಬಾಳಿದ್ದು ಸ್ಯಾನಿಟೈಜರ್ ಬಳಕೆ ಎಂದು ತೋರುತ್ತದೆ. ಮುಖಗವಸು ಬಹುಮಟ್ಟಿಗೆ ಮರೆಯಾಯಿತು, ಅಂತರ ಕಾಯುವ ಮಾತಂತೂ ಯಾರಿಗೂ ನೆನಪಿಲ್ಲ. ಆದರೆ ಕೈಚೀಲದಲ್ಲಿ, ಕಾರಿನಲ್ಲಿ, ಮಕ್ಕಳ ಶಾಲಾಚೀಲದಲ್ಲಿ ಆ ಪುಟ್ಟ ಸೀಸೆ ಉಳಿದುಕೊಂಡಿದೆ. ಊಟಕ್ಕೆ ಮುನ್ನ ಎದ್ದು ಹೋಗಿ ಕೈ ತೊಳೆಯುವ ಬದಲು ಎರಡು ಹನಿ ಸವರಿಕೊಂಡರಾಯಿತು ಎಂಬ ನಂಬಿಕೆ ವಿದ್ಯಾವಂತರಲ್ಲಿಯೇ ಬಲವಾಗಿ ಬೇರೂರಿದೆ. ನಿತ್ಯದ ಕಾಯಿಲೆಗಳನ್ನು ದೂರವಿಡುವ ಮಟ್ಟಿಗೆ ಈ ನಂಬಿಕೆ ಎಷ್ಟು ಸರಿ? ಅದರ ಹಿಂದಿರುವ ಸಾರ್ವಜನಿಕ ನೀತಿಯ ಪ್ರಶ್ನೆ ಯಾವುದು? ದಾವಣಗೆರೆ ಮತ್ತು ಹರಿಹರಗಳನ್ನು ಕಣ್ಣೆದುರಿಗಿಟ್ಟುಕೊಂಡು ಇದನ್ನು ಪರಿಶೀಲಿಸುವುದು ಉಪಯುಕ್ತವೆಂದು ನಾನು ಭಾವಿಸುತ್ತೇನೆ. ಒಂದೇ ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದ, ಸುಮಾರು 14 ಕಿಲೋಮೀಟರ್ ಅಂತರದ ಈ ಎರಡು ಊರುಗಳಿಗೆ ತುಂಗಭದ್ರೆಯೇ ಆಸರೆ. ಆದರೂ ಬೇಸಿಗೆ ಬಂತೆಂದರೆ ಇಲ್ಲಿನ ಅನೇಕ ಬಡಾವಣೆಗಳ ಜನ ನಲ್ಲಿಯ ಸರದಿಗಾಗಿ ದಿನಗಟ್ಟಲೆ ಕಾಯುತ್ತಾರೆ.

ಮೊದಲು ವಿಜ್ಞಾನದ ಮಾತು. ಸಾಬೂನು ಮತ್ತು ಸ್ಯಾನಿಟೈಜರ್ ಒಂದೇ ಕೆಲಸದ ಎರಡು ಸಾಧನಗಳಲ್ಲ. ಸ್ಯಾನಿಟೈಜರಿನಲ್ಲಿರುವ ಮದ್ಯಸಾರ ರೋಗಾಣುಗಳನ್ನು ಇದ್ದಲ್ಲಿಯೇ ಕೊಲ್ಲಲು ಯತ್ನಿಸುತ್ತದೆ. ಅದಕ್ಕೆ ಕನಿಷ್ಠ ಶೇ 60ರಷ್ಟು ಮದ್ಯಸಾರ ಇರಬೇಕು, ಎರಡೂ ಕೈಗಳ ಎಲ್ಲ ಭಾಗಗಳಿಗೂ ತಾಗಬೇಕು, ತಾನಾಗಿ ಆರುವವರೆಗೆ ಉಜ್ಜಬೇಕು. ಸಾಬೂನಿನ ಬಗೆ ಬೇರೆ. ಅದು ಜಿಡ್ಡು, ಕೊಳೆ ಮತ್ತು ಅವುಗಳಿಗೆ ಅಂಟಿಕೊಂಡ ಸೂಕ್ಷ್ಮಾಣುಗಳನ್ನು ಚರ್ಮದಿಂದ ಸಡಿಲಗೊಳಿಸುತ್ತದೆ. ನೀರು ಅವನ್ನು ಹೊತ್ತೊಯ್ಯುತ್ತದೆ. ಕೊಲ್ಲುವುದಕ್ಕೂ ತೊಲಗಿಸುವುದಕ್ಕೂ ಇರುವ ಈ ವ್ಯತ್ಯಾಸವೇ ಇಡೀ ಚರ್ಚೆಯ ತಿರುಳು.

ಕೊರೋನಾ, ಇನ್‌ಫ್ಲುಯೆಂಜಾದಂಥ ವೈರಾಣುಗಳಿಗೆ ಕೊಬ್ಬಿನಂಶದ ಹೊರಕವಚವಿದೆ. ಮದ್ಯಸಾರ ಆ ಕವಚವನ್ನು ಒಡೆಯುತ್ತದೆ, ಸಾಬೂನೂ ಒಡೆಯುತ್ತದೆ. ಆದರೆ ವಾಂತಿಭೇದಿಗೆ ಕಾರಣವಾಗುವ ನೊರೋವೈರಸ್‌ಗೆ ಅಂಥ ಕವಚವೇ ಇಲ್ಲ. ಅದರ ಮೇಲೆ ಮದ್ಯಸಾರದ ಪರಿಣಾಮ ದುರ್ಬಲ. ಭೇದಿ ತರುವ ಕ್ರಿಪ್ಟೊಸ್ಪೋರಿಡಿಯಂ ಎಂಬ ಪರೋಪಜೀವಿ, ಆಸ್ಪತ್ರೆಗಳಲ್ಲಿ ಕಾಡುವ ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕೂಡ ಮದ್ಯಸಾರಕ್ಕೆ ಬಗ್ಗುವುದಿಲ್ಲ. ಇವನ್ನು ತೊಳೆದು ಕಳೆಯುವುದೇ ದಾರಿ. ಅಂದರೆ ಕೊರೋನಾ ಕಾಲದಲ್ಲಿ ಸರಿಯಾಗಿಯೇ ಇದ್ದ ಒಂದು ಸಲಹೆಯನ್ನು ನಾವು ಎಲ್ಲ ಕಾಯಿಲೆಗಳಿಗೂ, ಎಲ್ಲ ಕಾಲಕ್ಕೂ ವಿಸ್ತರಿಸಿಕೊಂಡಿದ್ದೇವೆ.

ನಮ್ಮ ಊರುಗಳ ಕೈಗಳು ಎಂಥವು ಎಂಬುದೂ ಇಲ್ಲಿ ಮುಖ್ಯ. ದಾವಣಗೆರೆಯ ಬೆಣ್ಣೆ ದೋಸೆಯನ್ನು ಚಮಚದಲ್ಲಿ ತಿನ್ನುವವರಿಲ್ಲ. ಮಂಡಕ್ಕಿ–ಮಿರ್ಚಿಯೂ ಕೈಯ ತಿಂಡಿಯೇ. ಜಿಡ್ಡು ಮೆತ್ತಿದ ಕೈಯ ಮೇಲೆ ಸ್ಯಾನಿಟೈಜರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದಾಗಿ ಹರಿಹರ ಒಂದು ಕಾಲಕ್ಕೆ ಲೇತ್ ಯಂತ್ರಗಳ ಊರೆಂದು ಹೆಸರಾಗಿತ್ತು. ಆ ಕಾರ್ಖಾನೆ ಇಂದಿಲ್ಲ. ಆದರೆ ಯಂತ್ರದೆಣ್ಣೆಯಲ್ಲಿ ಕೈಯಾಡಿಸಿ ದುಡಿಯುವವರು ಇದ್ದಾರೆ. ಸುತ್ತಲಿನ ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತಕ್ಕೆ ಕೀಟನಾಶಕ ಸಿಂಪಡಿಸುವ ರೈತರಿದ್ದಾರೆ. ಕೈಗೆ ಅಂಟಿದ ಎಣ್ಣೆಯನ್ನಾಗಲಿ ಕೀಟನಾಶಕವನ್ನಾಗಲಿ ಸ್ಯಾನಿಟೈಜರ್ ತೆಗೆಯಲಾರದು. ಅದನ್ನು ಕೈತುಂಬ ಹರಡಬಲ್ಲದು, ಅಷ್ಟೇ.

ಸಾಬೂನಿನ ಪರವಾದ ಪುರಾವೆ ಪ್ರಯೋಗಾಲಯಕ್ಕೆ ಸೀಮಿತವಾದುದಲ್ಲ. ನೆರೆಯ ಪಾಕಿಸ್ತಾನದ ಕರಾಚಿಯ ಕೊಳೆಗೇರಿಗಳಲ್ಲಿ ನಡೆದ ಅಧ್ಯಯನವೊಂದು 2005ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾಬೂನು ಕೊಟ್ಟು, ಕೈ ತೊಳೆಯುವುದನ್ನು ಮನೆಮನೆಗೆ ಹೋಗಿ ಕಲಿಸಿದ ಕಡೆ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಪ್ರಮಾಣ ಅರ್ಧಕ್ಕಿಳಿಯಿತು. ಭೇದಿಯೂ ಸರಿಸುಮಾರು ಅಷ್ಟೇ ತಗ್ಗಿತು. ಗಮನಾರ್ಹ ಸಂಗತಿಯೆಂದರೆ, ರೋಗಾಣುನಾಶಕ ಬೆರೆಸಿದ ಸಾಬೂನು ಸಾದಾ ಸಾಬೂನಿಗಿಂತ ಹೆಚ್ಚಿನ ಫಲವನ್ನೇನೂ ಕೊಡಲಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ನಂತರದ ವಿಮರ್ಶೆಗಳು ಹೆಚ್ಚು ಸಂಯಮದವು. ಅವುಗಳ ಪ್ರಕಾರ, ಕೈ ತೊಳೆಯುವ ಅಭ್ಯಾಸವನ್ನು ಬೆಳೆಸಿದರೆ ಭೇದಿ ಪ್ರಕರಣಗಳು ಸುಮಾರು ಶೇ 30ರಷ್ಟು ಇಳಿಯುತ್ತವೆ. ಇದೂ ಸಣ್ಣ ಲಾಭವಲ್ಲ.

ಹಾಗೆಂದು ಸ್ಯಾನಿಟೈಜರನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬ ರೋಗಿಯ ಹಾಸಿಗೆಯಿಂದ ಇನ್ನೊಬ್ಬರ ಹಾಸಿಗೆಗೆ ಹೋಗುವ ಶುಶ್ರೂಷಕಿ ಪ್ರತಿಸಲವೂ ನಲ್ಲಿಯವರೆಗೆ ನಡೆದು ಬರಲಾರಳು. ಕಣ್ಣಿಗೆ ಕಾಣುವ ಕೊಳೆ ಇಲ್ಲದಿದ್ದಲ್ಲಿ ಅಲ್ಲಿ ಮದ್ಯಸಾರದ ದ್ರವವೇ ಮೇಲೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ದೂರದ ಬಸ್ ಪ್ರಯಾಣದಲ್ಲಿ, ನೀರೇ ಇಲ್ಲದ ಕಡೆ ಅದು ಒದಗಿಬರುತ್ತದೆ. ಅದು ನೀರಿಲ್ಲದಾಗಿನ ಆಪದ್ಬಂಧು. ಆದರೆ ಆಪದ್ಬಂಧುವನ್ನೇ ಮನೆಯ ಯಜಮಾನನನ್ನಾಗಿ ಮಾಡಿಕೊಂಡಾಗ ತೊಂದರೆ ಆರಂಭವಾಗುತ್ತದೆ.

ಈಗ ಖರ್ಚಿನ ಲೆಕ್ಕ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸ್ಯಾನಿಟೈಜರನ್ನು ತಾತ್ಕಾಲಿಕವಾಗಿ ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿ, 200 ಮಿಲಿಲೀಟರ್ ಸೀಸೆಗೆ 100 ರೂಪಾಯಿಯ ಮಿತಿ ವಿಧಿಸಿತ್ತು. ಒಂದು ಸಲಕ್ಕೆ 3 ಮಿಲಿಲೀಟರ್ ಬೇಕೆಂದರೆ ಆ ಸೀಸೆ 66 ಸಲಕ್ಕೆ ಮುಗಿಯುತ್ತದೆ. ಸಲವೊಂದಕ್ಕೆ ಒಂದೂವರೆ ರೂಪಾಯಿ. ನಾಲ್ವರ ಕುಟುಂಬ ತಲೆಗೆ ದಿನಕ್ಕೆ ಆರು ಸಲ ಬಳಸಿದರೆ ದಿನಕ್ಕೆ 36, ತಿಂಗಳಿಗೆ 1,080 ರೂಪಾಯಿ. ಇಂದು ಅರ್ಧ ಬೆಲೆಗೆ ಸಿಕ್ಕಿತೆಂದು ಇಟ್ಟುಕೊಂಡರೂ 540 ರೂಪಾಯಿ. ಅಷ್ಟೇ ಸಲ ಕೈ ತೊಳೆಯಲು, 40 ರೂಪಾಯಿಯ ಒಂದು ಸಾಬೂನು ಹತ್ತು ದಿನ ಬಂದರೆ, ತಿಂಗಳಿಗೆ 120 ರೂಪಾಯಿ ಸಾಕು. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿನ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿದಿರುವುದು ಈ ದೃಷ್ಟಿಯಿಂದ ಸ್ವಾಗತಾರ್ಹ ಕ್ರಮ. ಬಡವನಿಗೂ ಎಟುಕುವ ಸಾಧನ ಯಾವುದೆಂಬ ಬಗ್ಗೆ ಸಂದೇಹಕ್ಕೆ ಆಸ್ಪದವಿಲ್ಲ.

ಆದರೆ ಸಾಬೂನಿಗೆ ನೀರು ಬೇಕು. ನೀರೇ ಇಲ್ಲದಿರುವಾಗ ಕೈ ತೊಳೆಯಿರಿ ಎಂದು ಉಪದೇಶಿಸುವುದು ಎಷ್ಟು ಸರಿ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಉತ್ತರವನ್ನು ಅಂಕಿಗಳಲ್ಲಿಯೇ ಹುಡುಕೋಣ. ಒಳಚರಂಡಿ ಇರುವ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ದೇಶದಲ್ಲಿ ರೂಢಿಯಲ್ಲಿರುವ ಮಾನದಂಡ. ಆ ಪ್ರಕಾರ ನಾಲ್ವರಿಗೆ 540 ಲೀಟರ್. ಒಂದು ಸಲ ಕೈ ತೊಳೆಯಲು ಧಾರಾಳವಾಗಿ ಒಂದೂವರೆ ಲೀಟರ್ ಎಂದರೂ 24 ಸಲಕ್ಕೆ 36 ಲೀಟರ್; ಒಟ್ಟು ನೀರಿನ ಹದಿನೈದನೆಯ ಒಂದು ಪಾಲು ಮಾತ್ರ. ಚೊಂಬಿನಲ್ಲಿ ಹಾಕಿಕೊಂಡರೆ ಅದರ ಅರ್ಧವೂ ಬೇಡ. ಆದ್ದರಿಂದ ಕೈ ತೊಳೆಯಲು ಅಡ್ಡಿಯಾಗಿರುವುದು ನೀರಿನ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಅನಿಶ್ಚಿತತೆ. ನಾಳೆ ನಲ್ಲಿ ಬರುವುದೋ ಇಲ್ಲವೋ ಎಂಬ ಆತಂಕದಲ್ಲಿರುವ ಗೃಹಿಣಿ ಮೊದಲು ಕಡಿತಗೊಳಿಸುವುದು ಇಂಥ ಸಣ್ಣ ಬಳಕೆಗಳನ್ನೇ.

ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ ನೀರು ದಾವಣಗೆರೆಗೆ ಬರುತ್ತದೆ. ಕುಂದವಾಡ ಕೆರೆಯಂಥ ಆಸರೆಗಳೂ ಇವೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಲ್ಲಿ ದಾವಣಗೆರೆ, ಹರಿಹರಗಳೆರಡರಲ್ಲೂ ನಿರಂತರ ನೀರಿನ ಗುರಿಯ 'ಜಲಸಿರಿ' ಯೋಜನೆಯನ್ನು ಕೈಗೊಳ್ಳಲಾಯಿತು. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯ 20 ನಗರಗಳಲ್ಲಿ ದಾವಣಗೆರೆಯೂ ಒಂದಾಗಿತ್ತು. ಇಂಥ ಯೋಜನೆಗಳ ಯಶಸ್ಸನ್ನು ನಾವು ಹಾಸಿದ ಪೈಪಿನ ಉದ್ದದಲ್ಲಿ, ಕೂರಿಸಿದ ಮೀಟರುಗಳ ಸಂಖ್ಯೆಯಲ್ಲಿ, ಖರ್ಚಾದ ಅನುದಾನದಲ್ಲಿ ಅಳೆಯುತ್ತೇವೆ. ಆಡಳಿತದಲ್ಲಿ ದಶಕಗಳನ್ನು ಕಳೆದ ನನಗೆ ಈ ಅಳತೆಗೋಲಿನ ಆಕರ್ಷಣೆ ಚೆನ್ನಾಗಿ ಗೊತ್ತು. ವರದಿ ಬರೆಯಲು ಅದು ಸುಲಭ. ಆದರೆ ಊಟದ ಹೊತ್ತಿಗೆ ಎಷ್ಟು ಕೈಗಳಿಗೆ ನೀರು ಮತ್ತು ಸಾಬೂನು ಎಟುಕುತ್ತಿತ್ತು ಎಂಬುದು ಅದಕ್ಕಿಂತ ನಿಜವಾದ ಅಳತೆ.

2018ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತು ಈ ಅಳತೆಯನ್ನು ಸ್ವಲ್ಪಮಟ್ಟಿಗೆ ಮಾಡಿತ್ತು. ಊಟಕ್ಕೆ ಮುನ್ನ ಸಾಬೂನು ಅಥವಾ ಮಾರ್ಜಕ ಬಳಸಿ ಕೈ ತೊಳೆಯುವ ಕುಟುಂಬಗಳು ದೇಶದಲ್ಲಿ ಶೇ 35.8 ಮಾತ್ರ; ನಗರಗಳಲ್ಲಿ ಶೇ 56, ಹಳ್ಳಿಗಳಲ್ಲಿ ಶೇ 25.3. ಶೌಚದ ನಂತರ ಹಾಗೆ ತೊಳೆಯುವವರು ಶೇ 74.1. ಅಂದರೆ ಬಹುಪಾಲು ಮನೆಗಳಲ್ಲಿ ಸಾಬೂನು ಇದೆ, ಅದರ ಉಪಯೋಗವೂ ಗೊತ್ತಿದೆ. ಊಟದ ಹೊತ್ತಿಗೆ ಮಾತ್ರ ಅದು ಕೈಗೆ ಬರುವುದಿಲ್ಲ. ಇಲ್ಲಿ ಕೊರತೆಯಿರುವುದು ಅರಿವಿನದಷ್ಟೇ ಅಲ್ಲ, ಅನುಕೂಲದ್ದು ಕೂಡ.

ಸ್ಯಾನಿಟೈಜರ್ ಮೇಲಿನ ಅತಿಭರವಸೆಯ ದೊಡ್ಡ ದೋಷ ಕಾಣುವುದು ಇಲ್ಲಿಯೇ. ಸೀಸೆಯನ್ನು ಕೊಂಡವನ ಕೈ ಮಾತ್ರ ಅದರಿಂದ ಶುದ್ಧವಾಗಬಲ್ಲದು. ಆದರೆ ನಮಗೆ ಬರುವ ಕಾಯಿಲೆ ನಮ್ಮ ಕೈಯಿಂದಲೇ ಬರಬೇಕೆಂದಿಲ್ಲ. ದೋಸೆಯ ಹಿಟ್ಟು ಕಲಸುವವನ, ಮಂಡಕ್ಕಿಗೆ ಈರುಳ್ಳಿ ಹೆಚ್ಚಿ ಬೆರೆಸುವವನ, ಹಣ್ಣು ಹೋಳು ಮಾಡಿ ಮಾರುವವಳ, ಮನೆಯಲ್ಲಿ ಅಡುಗೆಗೆ ನೆರವಾಗುವಾಕೆಯ ಕೈಗಳನ್ನು ನಮ್ಮ ಜೇಬಿನ ಸೀಸೆ ತಲುಪುವುದಿಲ್ಲ. ಅವರ ಮನೆಯ ನಲ್ಲಿ ಒಣಗಿದ್ದರೆ, ಅವರ ಗಾಡಿಯ ಬಳಿ ನೀರಿನ ಏರ್ಪಾಡಿಲ್ಲದಿದ್ದರೆ, ಅದರ ಫಲವನ್ನು ನಾವೂ ಉಣ್ಣುತ್ತೇವೆ. ಅರ್ಥಶಾಸ್ತ್ರ ಇದನ್ನು ಬಾಹ್ಯ ಪರಿಣಾಮ ಎನ್ನುತ್ತದೆ: ಒಬ್ಬರ ನಡವಳಿಕೆಯ ಲಾಭ ನಷ್ಟಗಳು ಇನ್ನೊಬ್ಬರ ಮೇಲೆ ಬೀಳುವುದು. ಇಂಥ ಕಡೆ ಖಾಸಗಿ ಖರೀದಿಯಿಂದ ಪರಿಹಾರ ಸಿಗದು. ಸಾರ್ವಜನಿಕ ಹೂಡಿಕೆಯೇ ಬೇಕು. ನಮ್ಮ ಆರೋಗ್ಯ ಅಕ್ಷರಶಃ ಇನ್ನೊಬ್ಬರ ಕೈಯಲ್ಲಿದೆ.

ಕೈ ತೊಳೆಯುವುದು ಸರ್ವರೋಗ ನಿವಾರಣಿಯಲ್ಲ ಎಂಬುದನ್ನೂ ಹೇಳಬೇಕು. ನೆರೆಯ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್‌ನಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ಕುಡಿಯುವ ನೀರೇ ಕೆಟ್ಟಿದ್ದರೆ ಯಾವ ಸಾಬೂನೂ ರಕ್ಷಿಸಲಾರದು. ಗಾಳಿಯ ಮೂಲಕ ಹರಡುವ ಸೋಂಕಿಗೂ ಅದು ಪೂರ್ಣ ತಡೆಯಲ್ಲ. ಕೊರೋನಾ ಹರಡಿದ್ದು ಬಹುಪಾಲು ಉಸಿರಿನಿಂದಲೇ ಹೊರತು ಮುಟ್ಟಿದ ವಸ್ತುಗಳಿಂದಲ್ಲ ಎಂಬುದು ಈಗ ಸ್ಪಷ್ಟವಾಗಿದೆ. ಆದರೆ ಈ ಮಿತಿಗಳು ಸ್ಯಾನಿಟೈಜರಿಗೂ ಅಷ್ಟೇ ಅನ್ವಯಿಸುತ್ತವೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ಶಾಲೆಗಳು. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದಿಂದಾಗಿ ಸರ್ಕಾರಿ ಶಾಲೆಗಳ ಮಕ್ಕಳು ಮಧ್ಯಾಹ್ನ ಒಟ್ಟಿಗೇ ಊಟಕ್ಕೆ ಕೂರುತ್ತಾರೆ. ಒಂದು ಮಗುವಿಗೆ ಅರ್ಧ ನಿಮಿಷವೆಂದರೆ ಒಂದು ನಲ್ಲಿಯಲ್ಲಿ ಹತ್ತು ನಿಮಿಷಕ್ಕೆ 20 ಮಕ್ಕಳಷ್ಟೇ ಕೈ ತೊಳೆಯಬಹುದು. 200 ಮಕ್ಕಳ ಶಾಲೆಗೆ ಹತ್ತು ನಲ್ಲಿಗಳು ಬೇಕು. ಒಂದೆರಡು ನಲ್ಲಿಗಳಿರುವ ಶಾಲೆಯ ಗೋಡೆಯ ಮೇಲೆ ಕೈ ತೊಳೆಯುವ ಏಳು ಹಂತಗಳ ಚಿತ್ರ ಬರೆಸಿದರೆ ಗೋಡೆಗೆ ಅಲಂಕಾರವಾದೀತು, ಅಷ್ಟೇ. ತೊಟ್ಟಿಯಿಂದ ಒಂದು ಉದ್ದನೆಯ ಪೈಪು ಎಳೆದು ಸಾಲಾಗಿ ನಲ್ಲಿ ಕೂರಿಸುವುದು ಗ್ರಾಮ ಪಂಚಾಯಿತಿಯ ಶಕ್ತಿಗೂ ಮೀರಿದ ಕೆಲಸವಲ್ಲ. ಸಾಬೂನಿಗೆ ಪ್ರತಿ ತಿಂಗಳು ಹಣ ಒದಗಿಸುವುದು ಮಾತ್ರ ಮರೆಯಬಾರದ ಬಾಬ್ತು.

ಎರಡನೆಯದು, ತಿಂಡಿಗಾಡಿಗಳು ಮತ್ತು ಸಣ್ಣ ಹೋಟೆಲುಗಳು. ಆಹಾರ ತಯಾರಿಸುವ ಜಾಗದಲ್ಲಿ ಕೈ ತೊಳೆಯುವ ವ್ಯವಸ್ಥೆ ಇರಬೇಕೆಂದು ಆಹಾರ ಸುರಕ್ಷತೆಯ 2011ರ ನಿಯಮಾವಳಿಗಳು ಹೇಳುತ್ತವೆ. ಬೀದಿಬದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ 2014ರ ಕಾಯ್ದೆಯೂ ನಮ್ಮಲ್ಲಿದೆ. ಗಾಡಿಯವನಿಗೆ ದಂಡ ಹಾಕುವ ಮೊದಲು ಗಾಡಿಗಳು ನಿಲ್ಲುವ ಜಾಗಕ್ಕೊಂದು ನೀರಿನ ತೊಟ್ಟಿ, ಬಚ್ಚಲು ಒದಗಿಸುವುದು ನ್ಯಾಯ. ಸೌಕರ್ಯ ಒದಗಿಸಿದ ಮೇಲೆ ನಿಯಮ ಹೇರಲು ನೈತಿಕ ಬಲ ಬರುತ್ತದೆ. ಮೂರನೆಯದು, ಬಸ್ ನಿಲ್ದಾಣ, ಮಾರುಕಟ್ಟೆ, ಸರ್ಕಾರಿ ಕಚೇರಿಗಳು. 2020ರಲ್ಲಿ ಇಂಥ ಕಡೆಗಳಲ್ಲಿ ನಲ್ಲಿ, ಸಾಬೂನು ಅವಸರದಲ್ಲಿ ಬಂದವು, ಅವಸರದಲ್ಲಿಯೇ ಮಾಯವಾದವು. ಕಟ್ಟುವುದಕ್ಕೆ ಅನುದಾನ, ನಿರ್ವಹಣೆಗೆ ಶೂನ್ಯ ಎಂಬ ನಮ್ಮ ಹಳೆಯ ವ್ಯಾಧಿಗೆ ಇದೊಂದು ನಿದರ್ಶನ.

ಕೊನೆಯದು, ಬೇಸಿಗೆಯ ಸರದಿಯನ್ನು ಮೊದಲೇ ತಿಳಿಸಿ ಅದರಂತೆ ನಡೆಯುವುದು. ನೀರು ಕಡಿಮೆಯಿದ್ದರೂ ಖಚಿತವಾಗಿ ಬರುತ್ತದೆಂದು ಗೊತ್ತಿದ್ದರೆ ಕುಟುಂಬ ತನ್ನ ಬಳಕೆಯನ್ನು ವಿವೇಕದಿಂದ ಹಂಚಿಕೊಳ್ಳುತ್ತದೆ. ಅಲ್ಲಿಯವರೆಗೆ ಓದುಗರು ತಮ್ಮ ಮಟ್ಟಿಗೆ ಪಾಲಿಸಬಹುದಾದ ನಿಯಮ ಸರಳ: ಊಟಕ್ಕೆ ಮುನ್ನ, ಅಡುಗೆಗೆ ಮುನ್ನ, ಶೌಚದ ನಂತರ, ಮಗುವಿನ ಮಲ ಶುಚಿಗೊಳಿಸಿದ ನಂತರ ಸಾದಾ ಸಾಬೂನಿನಿಂದ 20 ಸೆಕೆಂಡು ಕೈ ತೊಳೆಯುವುದು. ಸೀಸೆ ಚೀಲದಲ್ಲಿರಲಿ, ನೀರು ಸಿಗದ ಹೊತ್ತಿಗೆ.

ಯಾರ ಜೇಬಿನಲ್ಲಿ ಸೀಸೆ ಇದೆ ಎಂಬುದರಿಂದ ಊರಿನ ಆರೋಗ್ಯ ತೀರ್ಮಾನವಾಗುವುದಿಲ್ಲ. ಯಾರ ಮನೆಯ ನಲ್ಲಿಯಲ್ಲಿ ನೀರಿಲ್ಲ ಎಂಬುದರಿಂದ ತೀರ್ಮಾನವಾಗುತ್ತದೆ. ನಗರಾಡಳಿತಗಳು ಮುಂದಿನ ಆಯವ್ಯಯ ಸಿದ್ಧಪಡಿಸುವಾಗ ಈ ಮಾತಿಗೆ ಒಂದು ಬಾಬ್ತು ಮೀಸಲಿಟ್ಟರೆ ಆಸ್ಪತ್ರೆಯ ಬಾಬ್ತಿನಲ್ಲಿ ಅಷ್ಟು ಉಳಿತಾಯವಾದೀತು.