ಡಿಕ್ರಿ ಬಂದರೆ ಸಾಲದು, ಹಣವೂ ಬರಬೇಕು

ವಿಚ್ಛೇದನದ ಡಿಕ್ರಿ ಪಡೆದ ಹೆಣ್ಣುಮಗಳನ್ನು ‘ಕೇಸು ಗೆದ್ದಳು’ ಎನ್ನುತ್ತೇವೆ. ತಿಂಗಳ ಜೀವನಾಂಶ ಬಾರದಿದ್ದರೆ ಆಕೆ ಮತ್ತೆ ಅದೇ ಕೋರ್ಟಿನ ಮೆಟ್ಟಿಲು ಹತ್ತಬೇಕು, ಈ ಸಲ ಅಮಲ್ಜಾರಿ ಅರ್ಜಿ ಹಿಡಿದು. ಗಂಡನಾಗಿದ್ದವನ ವಿಳಾಸ, ಸಂಬಳ, ಆಸ್ತಿಯ ವಿವರವನ್ನೂ ಆಕೆಯೇ ಹುಡುಕಿ ತರಬೇಕು. ವಾರಂಟ್ ಹೊರಟರೂ ‘ಆಸಾಮಿ ಊರಲ್ಲಿಲ್ಲ’ ಎಂಬ ಷರಾದೊಂದಿಗೆ ಹಿಂದಿರುಗೀತು. ಮತ್ತೆ ವಾಯಿದೆ. ಮಗುವಿನ ಶಾಲೆಯ ಫೀಸಿಗೂ ಮನೆ ಬಾಡಿಗೆಗೂ ವಾಯಿದೆ ಸಿಗುವುದಿಲ್ಲ.

ಕಾನೂನೇ ಇಲ್ಲವೆಂದಲ್ಲ. ಜೀವನಾಂಶದ ಡಿಕ್ರಿಗಾಗಿ ಸಂಬಳದ ಮೂರರಲ್ಲಿ ಎರಡು ಪಾಲನ್ನು ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಅವಕಾಶವಿದೆ. ಇಬ್ಬರೂ ಆಸ್ತಿ-ಸಾಲದ ಪ್ರಮಾಣಪತ್ರ ಸಲ್ಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ, ಹಣವನ್ನು ನೇರವಾಗಿ ಆಕೆಗೇ ಕೊಡುವಂತೆ ಕೆಲಸ ಕೊಟ್ಟವರಿಗೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಆದರೆ ಇದೆಲ್ಲ ಆಕೆ ಕೇಳಿದರೆ ಮಾತ್ರ, ಮತ್ತೆ ಮತ್ತೆ ಕೇಳಿದರೆ ಮಾತ್ರ. ಜೀವನಾಂಶದ ಆದೇಶವಾದ ದಿನವೇ ಸಂಬಳದಿಂದ ಕಡಿತ ತಾನಾಗಿ ಶುರುವಾಗಬೇಕು. ನಮ್ಮ ಬೇಡಿಕೆ ಇಷ್ಟೇ.

ಆಸ್ತಿಯ ಮಾತು ಇನ್ನೂ ಕಷ್ಟದ್ದು. ಹಿಂದೂ ವಿವಾಹ ಕಾಯ್ದೆಯ 27ನೇ ಕಲಮು ಮದುವೆಯ ಹೊತ್ತಿನಲ್ಲಿ ಇಬ್ಬರಿಗೂ ಸೇರಿದಂತೆ ಬಂದ ಉಡುಗೊರೆಗಳಾಚೆ ಹೋಗುವುದಿಲ್ಲ. ಇಪ್ಪತ್ತು ವರ್ಷ ಸಂಸಾರ ನಡೆಸಿದ ಮೇಲೂ ಗಂಡನ ಹೆಸರಿನ ಮನೆಯಲ್ಲಿ ಆಕೆಯ ದುಡಿಮೆಗೆ ಪಾಲಿಲ್ಲ. ಗೋವಾದಲ್ಲಾದರೆ ದಂಪತಿಯ ಆಸ್ತಿ ಸಾಮಾನ್ಯವಾಗಿ ಇಬ್ಬರದೂ. ಹೆಂಡತಿಗೆ ಪಾಲು ಕೊಡಿಸಬೇಕಿದ್ದ 2010ರ ಮಸೂದೆ 2013ರಲ್ಲಿ ರಾಜ್ಯಸಭೆ ದಾಟಿತು, ಲೋಕಸಭೆಯಲ್ಲಿ ಅಂಗೀಕಾರವಾಗದೆ ಬಿದ್ದುಹೋಯಿತು.

ದೆಹಲಿಯತ್ತ ನೋಡುತ್ತ ಕೂರಬೇಕಿಲ್ಲ. ಮದುವೆ, ವಿಚ್ಛೇದನ ಸಮವರ್ತಿ ಪಟ್ಟಿಯ ವಿಷಯಗಳು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ಕೇಂದ್ರದಲ್ಲಿ 2005ರಲ್ಲಿ. ಅಂದು ಮುಂದೆ ನಡೆದ ವಿಧಾನಸಭೆ ಇಂದು ಹಿಂದೆ ಉಳಿಯಬಾರದು. ನಿಮ್ಮ ಶಾಸಕರಿಗೆ, ಗಂಡಸರೂ ಹೆಂಗಸರೂ, ಪತ್ರ ಬರೆಯಿರಿ.

ಕಚೇರಿಗಳಲ್ಲಿ ಸಂಬಳ ಬಟವಾಡೆ ಮಾಡುವವರೇ, ಕೋರ್ಟಿನ ಜಪ್ತಿ ಆದೇಶವನ್ನು ಕಡತದಲ್ಲಿ ಮಲಗಿಸಬೇಡಿ.

ನಿಮ್ಮ ಅಕ್ಕಪಕ್ಕದಲ್ಲಿ ಜೀವನಾಂಶದ ಬಾಕಿ ಬರಬೇಕಾದವರಿದ್ದರೆ ಒಂದು ಮಾತು ತಪ್ಪದೆ ತಿಳಿಸಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಬಾಕಿ ವಸೂಲಿಗೆ ವಾರಂಟ್ ಬೇಕಾದರೆ, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ವಕೀಲರ ಶುಲ್ಕಕ್ಕೆ ಹೆದರುವುದು ಬೇಡ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ನೆರವು ಉಚಿತ. ಸಹಾಯವಾಣಿ 15100.