‘ಸರಿ’ ಎಂದವರೆಲ್ಲ ಒಪ್ಪಿದವರಲ್ಲ

ಆಂಧ್ರದ ಗಡಿಯಲ್ಲಿರುವ ರಾಯದುರ್ಗ ಮಡಕಶಿರಾಗಳ ಕಡೆ ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವಾಗ, ಒಬ್ಬರ ‘ಸರಿ’ಗೂ ಇನ್ನೊಬ್ಬರ ‘ಸರೇ’ಗೂ ಕಿವಿಗೆ ಹೆಚ್ಚಿನ ಅಂತರವಿರುವುದಿಲ್ಲ, ಅಂತರವೆಲ್ಲ ಇರುವುದು ಅದನ್ನು ಉಚ್ಚರಿಸುವ ಧಾಟಿಯಲ್ಲಿ. ಶೇಂಗಾದ ದರ ಕುದುರದೆ ಬೇಸತ್ತ ರೈತನು ‘ಸರಿ ಬಿಡ್ರಿ’ ಎಂದು ಚೀಲದ ಬಾಯಿ ಕಟ್ಟಿದನೆಂದರೆ ವ್ಯಾಪಾರ ಮುರಿಯಿತೆಂದೇ ಅರ್ಥ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕಾಫಿಗಳನ್ನು ಮುಗಿಸಿ ‘ಸರಿ, ಹಿರಿಯರನ್ನು ಕೇಳಿ ತಿಳಿಸುತ್ತೇವೆ’ ಎಂದರಾದರೆ ಅದು ಬಹುಮಟ್ಟಿಗೆ ವಿನಯಪೂರ್ವಕವಾದ ನಿರಾಕರಣೆ. ತುಂಬಿದ ಕೊಡ ಒಡೆದಾಗ ‘ಸರಿಹೋಯ್ತು!’ ಎನ್ನುವ ಗೃಹಿಣಿಯು ಯಾವುದನ್ನೂ ಅನುಮೋದಿಸುತ್ತಿಲ್ಲ. ಬಸ್ಸಿನಲ್ಲಿ ‘ಸ್ವಲ್ಪ ಸರಿಯಮ್ಮ’ ಎನ್ನುವವರಿಗೆ ಬೇಕಾಗಿರುವುದು ಸಮ್ಮತಿಯಲ್ಲ, ಗೇಣುದ್ದದ ಸ್ಥಳ. ನಮ್ಮ ‘ಸರಹದ್ದು’ ತೆಲುಗಿನಲ್ಲಿ ‘ಸರಿಹದ್ದು’ ಆಗಿರುವುದನ್ನು ಕಂಡಾಗ ಮಾತ್ರ, ಗಡಿಯನ್ನು ‘ಸರಿ’ ಎಂದು ಒಪ್ಪಿಸುವ ಚಾತುರ್ಯ ಆ ಭಾಷೆಗೇ ಒಲಿದಿದೆಯೇನೋ ಎಂದು ನಗೆ ಬರುತ್ತದೆ.

ಆ ಗಡಿಯ ಚರಿತ್ರೆಯಾದರೋ ನಗುವಂಥದ್ದಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು, ಆಲೂರು ಆದೋನಿಗಳೊಡನೆ ರಾಯದುರ್ಗ ತಾಲ್ಲೂಕೂ ಆಂಧ್ರಕ್ಕೆ ಸೇರಿತು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರನ್ನು, ಎಂದರೆ ಇಂದಿನ ಹೇಮಾವತಿಯನ್ನು, ತನ್ನ ಮಡಿಲಲ್ಲಿಟ್ಟುಕೊಂಡ ಮಡಕಶಿರಾ ಕೂಡ ಅತ್ತಲೇ ಉಳಿಯಿತು. 2022ರಲ್ಲಿ ಮಡಕಶಿರಾ ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಜನರು ಇದಕ್ಕೆಲ್ಲ ಹೊಂದಿಕೊಂಡರು, ಎರಡು ನುಡಿಗಳಲ್ಲಿಯೂ ಬಾಳಿದರು. ಆದರೆ ಹೊಂದಿಕೊಂಡದ್ದನ್ನೇ ಮನಃಪೂರ್ವಕವಾದ ಒಪ್ಪಿಗೆಯೆಂದು ಬಗೆಯುವುದು ಆಳುವವರಿಗೆ ಸುಲಭವಾದರೂ ನ್ಯಾಯವಲ್ಲ.

ಸಾಲದ ಪತ್ರಕ್ಕೋ ಜಮೀನಿನ ದಾಖಲೆಗೋ ಹೆಬ್ಬೆಟ್ಟು ಒತ್ತುವ ಕನ್ನಡದ ಮುದುಕಿಯು, ಗುಮಾಸ್ತನು ಓದಿದ ತೆಲುಗಿನ ಒಕ್ಕಣೆಗೆ ‘ಸರಿಯಪ್ಪಾ’ ಎಂದಳೆಂದರೆ, ‘ಅರ್ಥವಾಯಿತು’ ಎಂಬುದಕ್ಕಿಂತ ‘ಹೊತ್ತಾಯಿತು, ಮುಗಿಸು’ ಎಂಬ ಭಾವವೇ ಅಲ್ಲಿ ಪ್ರಬಲವಾಗಿರಬಹುದು. ಅಲ್ಪಸಂಖ್ಯಾತ ಭಾಷಿಕರು ಶೇಕಡಾ 15ರಿಂದ 20ರಷ್ಟಿರುವ ಪ್ರದೇಶಗಳಲ್ಲಿ ಮುಖ್ಯವಾದ ಸರ್ಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸುವುದು ಯುಕ್ತವೆಂದು ಕೇಂದ್ರ ಸರ್ಕಾರವು 1956ರಷ್ಟು ಹಿಂದೆಯೇ ಸೂಚಿಸಿತ್ತು. ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕಲ್ಪಿಸಬೇಕೆನ್ನುವ 350-ಎ ವಿಧಿಯು ಸಂವಿಧಾನವನ್ನು ಸೇರಿದ್ದೂ ಅದೇ ವರ್ಷ. ಆದಕಾರಣ ರಾಯದುರ್ಗ ಮಡಕಶಿರಾಗಳ ಕಚೇರಿಗಳೂ ಬ್ಯಾಂಕುಗಳೂ ಸಹಿಗಾಗಿ ಚಾಚುವ ಪ್ರತಿಯೊಂದು ಕಾಗದದಲ್ಲಿ ತೆಲುಗಿನ ಕೆಳಗೆ ಕನ್ನಡವನ್ನೂ ಅಚ್ಚುಹಾಕಿಸಲಿ, ಓದಿ ಹೇಳಲಿ, ಹೆಬ್ಬೆಟ್ಟನ್ನು ಆಮೇಲೆ ಕೇಳಲಿ.